ವೃತ್ತಿಪ್ರವೇಶದ ನಿಯಮಗಳೂ ಕಾರ್ಯಾಗಾರದ ಜನರಚನೆಯೂ: ಜರ್ಮನಿಯ ಕಸುಬುಗಳ ಇತಿಹಾಸದಿಂದ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಒಂದು ಕಸುಬನ್ನಾಗಲಿ ವ್ಯಾಪಾರವನ್ನಾಗಲಿ ಯಾರು ಸ್ವತಂತ್ರವಾಗಿ ನಡೆಸಬಹುದು ಎಂಬುದನ್ನು ಗೊತ್ತುಪಡಿಸುವ ನಿಯಮಗಳು ಒಂದಲ್ಲ ಒಂದು ರೂಪದಲ್ಲಿ ಅನೇಕ ದೇಶಗಳ ಇತಿಹಾಸದಲ್ಲಿ ಕಾಣಬರುತ್ತವೆ. ಈ ನಿಯಮಗಳನ್ನು ಸಡಿಲಿಸಬೇಕೆ, ಬಿಗಿಗೊಳಿಸಬೇಕೆ ಎಂಬ ಚರ್ಚೆ ನಡೆದಾಗಲೆಲ್ಲ ವಾದ ಪ್ರತಿವಾದಗಳು ಸಾಮಾನ್ಯವಾಗಿ ಎರಡು ವಿಷಯಗಳ ಸುತ್ತ ತಿರುಗುತ್ತವೆ: ಕೊಳ್ಳುವವನಿಗೆ ಬೆಲೆ ಇಳಿಯುವುದೆ? ಕೆಲಸದ ಗುಣ ಕೆಡುವುದೆ? ಈ ಪ್ರಶ್ನೆಗಳೆರಡೂ ಯುಕ್ತವಾದುವೇ. ಆದರೆ ಇವುಗಳ ಮರೆಯಲ್ಲಿ ಮೂರನೆಯ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಬಾಗಿಲಿನ ಕಾನೂನು ಬದಲಾದಾಗ, ಬಾಗಿಲಿನ ಒಳಗೆ ದುಡಿಯುವವರ ಸಮುದಾಯದಲ್ಲಿ ಏನು ಬದಲಾಗುತ್ತದೆ? ಅಲ್ಲಿ ಒಡೆಯರೆಷ್ಟು ಮಂದಿ, ಆಳುಗಳೆಷ್ಟು ಮಂದಿ, ಕಸುಬು ಕಲಿಯಲು ಬಂದ ಹುಡುಗರೆಷ್ಟು ಮಂದಿ? ಹೆಂಗಸರಿಗೂ ಹೊರಗಿನಿಂದ ಬಂದವರಿಗೂ ಅಲ್ಲಿ ಸ್ಥಳವುಂಟೆ, ಇಲ್ಲವೆ?

ಪ್ರಸ್ತುತ ಲೇಖನದಲ್ಲಿ ಈ ಮೂರನೆಯ ಪ್ರಶ್ನೆಯನ್ನು ಜರ್ಮನಿಯ ಕಸುಬುಗಳ ಇತಿಹಾಸದ ಆಧಾರದಿಂದ ಪರಿಶೀಲಿಸಲಾಗಿದೆ. ಜರ್ಮನಿಯನ್ನು ಆರಿಸಿಕೊಳ್ಳಲು ಕಾರಣವುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಈಚೆಗೆ ಆ ದೇಶದಲ್ಲಿ ಕಸುಬಿನ ಬಾಗಿಲು ಹಲವು ಸಲ ತೆರೆದು ಹಲವು ಸಲ ಮುಚ್ಚಿದೆ. ಒಂದೇ ದೇಶದಲ್ಲಿ, ಬಹುಮಟ್ಟಿಗೆ ಅವೇ ಕಸುಬುಗಳಲ್ಲಿ, ಎರಡು ಬಗೆಯ ನಿಯಮಗಳ ಫಲವನ್ನೂ ನೋಡುವ ಅವಕಾಶ ಇತಿಹಾಸದ ವಿದ್ಯಾರ್ಥಿಗೆ ಇದರಿಂದ ದೊರೆಯುತ್ತದೆ.

ಪರಿಭಾಷೆಯ ಬಗ್ಗೆ ಒಂದೆರಡು ಮಾತು ಅವಶ್ಯಕ. ಯೂರೋಪಿನ ಕಸುಬುದಾರರ ಸಂಘಗಳಿಗೆ ಇಲ್ಲಿ ‘ಶ್ರೇಣಿ’ ಎಂಬ ಪದವನ್ನು ಬಳಸಿದೆ. ನಮ್ಮ ಶಾಸನಗಳ ಶ್ರೇಣಿಗಳಿಗೂ ಯೂರೋಪಿನ ಸಂಘಗಳಿಗೂ ಎಲ್ಲ ಅಂಶಗಳಲ್ಲಿ ಹೋಲಿಕೆಯುಂಟೆಂದು ಇದರಿಂದ ಭಾವಿಸಬಾರದು. ಓದುಗರಿಗೆ ಪರಿಚಿತವಾದ ಹೆಸರೆಂಬುದಷ್ಟೇ ಕಾರಣ. ಸ್ವಂತ ಕಾರ್ಯಾಗಾರವುಳ್ಳ ಕಸುಬುದಾರನನ್ನು ‘ಮೇಸ್ತ್ರಿ’ ಎಂದು ಕರೆದಿದೆ. ಈ ಪದ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ನಮಗೆ ಬಂದುದು, ಜರ್ಮನರ ‘ಮೈಸ್ಟರ್’ ಎಂಬುದೂ ಅದೇ ಲ್ಯಾಟಿನ್ ಮೂಲದ್ದು. ಕಸುಬು ಕಲಿತು ಸಂಬಳಕ್ಕೆ ದುಡಿಯುವವನು ‘ನುರಿತ ಆಳು’. ಇನ್ನೂ ಕಲಿಯುತ್ತಿರುವವನು, ಎಂದರೆ ಅಪ್ರೆಂಟಿಸ್, ‘ಶಿಷ್ಯ’.

೨. ಶ್ರೇಣಿಗಳ ಕಾಲದ ಕಾರ್ಯಾಗಾರ

ಮಧ್ಯಯುಗದ ಉತ್ತರಾರ್ಧದಿಂದ ಹದಿನೆಂಟನೆಯ ಶತಮಾನದ ಕೊನೆಯವರೆಗೆ ಜರ್ಮನಿಯ ನಗರಗಳಲ್ಲಿ ಮೇಸ್ತ್ರಿಯಾಗಬೇಕಾದವನು ಹಲವು ಮೆಟ್ಟಿಲುಗಳನ್ನು ಹತ್ತಬೇಕಾಗಿತ್ತು. ಮೊದಲು ಕೆಲವು ವರ್ಷ ಶಿಷ್ಯವೃತ್ತಿ. ಬಳಿಕ ಊರೂರು ತಿರುಗಿ ನುರಿತ ಆಳಾಗಿ ದುಡಿಯುವ ಸಂಚಾರದ ವರ್ಷಗಳು. ಕೊನೆಯಲ್ಲಿ ಶ್ರೇಣಿಯ ಹಿರಿಯರ ಮುಂದೆ ತನ್ನ ಕೌಶಲದ ನಿದರ್ಶನವಾಗಿ ಒಂದು ಕೃತಿಯನ್ನು ರಚಿಸಿ ತೋರಿಸಿ, ಶುಲ್ಕವನ್ನು ತೆತ್ತು, ಪ್ರವೇಶ ಪಡೆಯಬೇಕು. ಹೊರನೋಟಕ್ಕೆ ಇದು ಕೌಶಲದ ಪರೀಕ್ಷೆ. ಆದರೆ ಇದರೊಡನೆ ಕೌಶಲಕ್ಕೆ ಸಂಬಂಧವಿಲ್ಲದ ನಿಬಂಧನೆಗಳೂ ಸೇರಿದ್ದುವು. ಔರಸ ಸಂತಾನವಲ್ಲದವನಿಗೆ ಪ್ರವೇಶವಿರಲಿಲ್ಲ. ಗಲ್ಲಿಗೇರಿಸುವವರು, ಸತ್ತ ಪ್ರಾಣಿಗಳ ಚರ್ಮ ಸುಲಿಯುವವರು ಮೊದಲಾದ ‘ಮಾನಹೀನ’ ವೃತ್ತಿಗಳವರ ಮಕ್ಕಳನ್ನು ದೂರವಿಡಲಾಗುತ್ತಿತ್ತು. ಯೆಹೂದ್ಯರಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿತ್ತು. ಮೇಸ್ತ್ರಿಯ ಮಗನಿಗೂ, ಮೇಸ್ತ್ರಿಯ ವಿಧವೆಯನ್ನು ಮದುವೆಯಾದವನಿಗೂ ಶುಲ್ಕದಲ್ಲಿಯೂ ಕಾಲಾವಧಿಯಲ್ಲಿಯೂ ರಿಯಾಯಿತಿಗಳು ದೊರೆಯುತ್ತಿದ್ದುವು.

ಈ ನಿಯಮಗಳ ಪರಿಣಾಮ ಹೊಸ್ತಿಲಲ್ಲಿಯೇ ನಿಲ್ಲಲಿಲ್ಲ. ಒಬ್ಬ ಮೇಸ್ತ್ರಿ ಎಷ್ಟು ಮಂದಿ ಶಿಷ್ಯರನ್ನೂ ಎಷ್ಟು ಮಂದಿ ಆಳುಗಳನ್ನೂ ಇಟ್ಟುಕೊಳ್ಳಬಹುದೆಂಬುದನ್ನು ಅನೇಕ ಶ್ರೇಣಿಗಳು ನಿಗದಿಮಾಡಿದ್ದುವು. ಒಬ್ಬನು ಬೆಳೆದು ಉಳಿದವರನ್ನು ನುಂಗಬಾರದೆಂಬುದು ಇದರ ಆಶಯ. ಹೀಗಾಗಿ ಕಾರ್ಯಾಗಾರದ ಗಾತ್ರವನ್ನೂ ಅದರೊಳಗಿನ ಮೂರು ವರ್ಗಗಳ ಪ್ರಮಾಣವನ್ನೂ ಪ್ರವೇಶದ ನಿಯಮವೇ ರೂಪಿಸುತ್ತಿತ್ತು. ಹೆಂಗಸರ ಸ್ಥಿತಿ ಇದಕ್ಕೆ ಒಳ್ಳೆಯ ನಿದರ್ಶನ. ಕೊಲೋನ್ ನಗರದಲ್ಲಿ ೧೩೯೭ರಲ್ಲಿ ನೂಲು ತಯಾರಿಸುವ ಹೆಂಗಸರ ಶ್ರೇಣಿಯೂ ೧೪೩೭ರಲ್ಲಿ ರೇಷ್ಮೆಯ ಕೆಲಸದ ಹೆಂಗಸರ ಶ್ರೇಣಿಯೂ ಮಾನ್ಯತೆ ಪಡೆದುವು. ಆದರೆ ಇವು ಅಪವಾದಗಳು. ಬಹುಪಾಲು ಶ್ರೇಣಿಗಳಲ್ಲಿ ಹೆಂಗಸು ಮೇಸ್ತ್ರಿಯ ಹೆಂಡತಿಯಾಗಿ, ಮಗಳಾಗಿ, ಮನೆಯಾಳಾಗಿ ದುಡಿಯಬಹುದಾಗಿತ್ತು. ವಿಧವೆಯಾದರೆ ಗಂಡನ ಕಾರ್ಯಾಗಾರವನ್ನು ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟು ಮುಂದುವರಿಸಬಹುದಾಗಿತ್ತು. ತನ್ನ ಹಕ್ಕಿನಿಂದಲೇ ಮೇಸ್ತ್ರಿಯಾಗುವಂತಿರಲಿಲ್ಲ. ಷೈಲಾ ಓಗಿಲ್ವಿ ಅವರು ವ್ಯೂರ್ಟೆಂಬರ್ಗ್ ಪ್ರಾಂತದ ದಾಖಲೆಗಳನ್ನು ಆಧರಿಸಿ ೨೦೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಗೆಯ ನಿರ್ಬಂಧಗಳು ಹೆಂಗಸರ ದುಡಿಮೆಯನ್ನು ಹೇಗೆ ಕಡಮೆ ಕೂಲಿಯ ಮೂಲೆಗಳಿಗೆ ತಳ್ಳಿದುವೆಂಬುದನ್ನು ವಿಸ್ತಾರವಾಗಿ ತೋರಿಸಿದ್ದಾರೆ.

ಹಾಗೆಂದು ಶ್ರೇಣಿಯು ಕೇವಲ ಅಡ್ಡಗೋಡೆಯಾಗಿತ್ತೆಂದು ಹೇಳಿದರೆ ಅರ್ಧಸತ್ಯವಾದೀತು. ಶಿಷ್ಯನನ್ನು ಮನೆಯಲ್ಲಿರಿಸಿಕೊಂಡು, ಅನ್ನವಿಕ್ಕಿ, ವರ್ಷಗಟ್ಟಲೆ ಕಸುಬು ಕಲಿಸಲು ಮೇಸ್ತ್ರಿಗೆ ಒಂದು ಭರವಸೆ ಬೇಕಾಗಿತ್ತು: ಕಲಿತವನು ಮರುದಿನವೇ ಎದುರುಬೀದಿಯಲ್ಲಿ ಅಂಗಡಿ ತೆರೆಯಲಾರನೆಂಬ ಭರವಸೆ. ಬಾಗಿಲನ್ನು ಬಿಗಿಗೊಳಿಸಿದ ನಿಯಮವೇ ಕಲಿಸುವಿಕೆಯ ಖರ್ಚನ್ನೂ ಒಂದು ಮಟ್ಟಿಗೆ ಹೊತ್ತಿತ್ತು. ಮುಂದಿನ ಎರಡು ಶತಮಾನಗಳ ವಿವಾದಗಳ ಬೀಜ ಈ ಗಂಟಿನಲ್ಲಿದೆ.

೩. ಬಾಗಿಲು ತೆರೆದ ಮೊದಲ ಸಂದರ್ಭ

ಶ್ರೇಣಿಗಳನ್ನು ತೆಗೆದುಹಾಕುವ ಪ್ರಯತ್ನ ಮೊದಲು ಫ್ರಾನ್ಸಿನಲ್ಲಿ ನಡೆಯಿತು. ೧೭೭೬ರ ಫೆಬ್ರವರಿಯಲ್ಲಿ ಮಂತ್ರಿ ತ್ಯುರ್ಗೊ ಶ್ರೇಣಿಗಳನ್ನು ರದ್ದುಪಡಿಸುವ ರಾಜಶಾಸನವನ್ನು ಹೊರಡಿಸಿದನು. ಮೇ ತಿಂಗಳಲ್ಲಿ ಆತ ಪದಚ್ಯುತನಾದನು. ಆಗಸ್ಟಿನಲ್ಲಿ ಶ್ರೇಣಿಗಳು ಸುಧಾರಿತ ರೂಪದಲ್ಲಿ ಮರಳಿ ಬಂದುವು. ಕ್ರಾಂತಿಯ ಬಳಿಕ ೧೭೯೧ರ ಮಾರ್ಚಿನಲ್ಲಿ ಅಂಗೀಕೃತವಾದ ಕಾನೂನಿನಿಂದ ಅವು ಶಾಶ್ವತವಾಗಿ ಅಳಿದುವು. ಅದೇ ವರ್ಷ ಜೂನಿನಲ್ಲಿ ಬಂದ ಲ ಷಪೆಲಿಯೆ ಕಾನೂನು ಕೆಲಸಗಾರರು ಕೂಡಿ ಸಂಘ ಕಟ್ಟುವುದನ್ನೂ ನಿಷೇಧಿಸಿತೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಒಡೆಯನಾಗುವ ಬಾಗಿಲು ತೆರೆದ ಕೈಯೇ ಆಳುಗಳ ಒಕ್ಕಟ್ಟಿನ ಬಾಗಿಲನ್ನು ಮುಚ್ಚಿತು.

ಪ್ರಷ್ಯದಲ್ಲಿ ಈ ಬದಲಾವಣೆ ಸೋಲಿನ ಫಲವಾಗಿ ಬಂದಿತು. ೧೮೦೬ರಲ್ಲಿ ಯೇನಾ ಯುದ್ಧದಲ್ಲಿ ನೆಪೋಲಿಯನ್ನನಿಂದ ಪರಾಜಿತವಾದ ಆ ರಾಜ್ಯ ದೊಡ್ಡ ಮೊತ್ತದ ದಂಡವನ್ನು ತೆರಬೇಕಾಗಿತ್ತು. ಆಡಳಿತವನ್ನು ಬುಡದಿಂದ ತಿದ್ದಬೇಕಾಗಿತ್ತು. ಹಾರ್ಡನ್‌ಬೆರ್ಗ್ ಮಂತ್ರಿಯ ಕಾಲದಲ್ಲಿ, ೧೮೧೦ರ ನವೆಂಬರ್ ೨ರ ಶಾಸನದ ಪ್ರಕಾರ, ವೃತ್ತಿತೆರಿಗೆಯನ್ನು ಕೊಟ್ಟು ಸನ್ನದು ಪಡೆದವನು ಕಸುಬನ್ನು ನಡೆಸಬಹುದೆಂದಾಯಿತು. ಸಾರ್ವಜನಿಕರ ಸುರಕ್ಷತೆಗೆ ಸಂಬಂಧಿಸಿದ ಕೆಲವು ವೃತ್ತಿಗಳಿಗೆ ಮಾತ್ರ ಸಾಮರ್ಥ್ಯದ ಪ್ರಮಾಣ ಬೇಕಾಗಿತ್ತು. ೧೮೧೧ರ ಕಾನೂನು ಇದನ್ನು ಪೂರ್ಣಗೊಳಿಸಿತು. ಪ್ರಷ್ಯದಲ್ಲಿ ಶ್ರೇಣಿಗಳು ಅಳಿಯಲಿಲ್ಲ. ಅವುಗಳನ್ನು ಸೇರುವುದು ಕಡ್ಡಾಯವಲ್ಲವೆಂದಾಯಿತು.

ಇದರ ಫಲವೇನು? ಮುಂದಿನ ದಶಕಗಳಲ್ಲಿ ಸ್ವತಂತ್ರ ಮೇಸ್ತ್ರಿಗಳ ಸಂಖ್ಯೆ ಬಹುವಾಗಿ ಏರಿತು. ದರ್ಜಿ ಮತ್ತು ಪಾದರಕ್ಷೆಯ ಕಸುಬುಗಳಂತೆ ಅಲ್ಪ ಬಂಡವಾಳದಿಂದ ಆರಂಭಿಸಬಹುದಾದ ಕಡೆಗಳಲ್ಲಿ ಈ ಏರಿಕೆ ಎದ್ದುಕಾಣುತ್ತಿತ್ತು. ಇವರಲ್ಲಿ ಬಹುಮಂದಿ ಒಬ್ಬ ಆಳನ್ನಾಗಲಿ ಒಬ್ಬ ಶಿಷ್ಯನನ್ನಾಗಲಿ ಇಟ್ಟುಕೊಳ್ಳದೆ ತಾವೇ ದುಡಿಯುತ್ತಿದ್ದ ‘ಒಂಟಿ ಮೇಸ್ತ್ರಿ’ಗಳು. ಹಿಂದೆ ಮತ್ತೊಬ್ಬನ ಕಾರ್ಯಾಗಾರದಲ್ಲಿ ಆಳಾಗಿರುತ್ತಿದ್ದವನು ಈಗ ಹೆಸರಿಗೆ ಒಡೆಯ; ಆದರೆ ಅವನ ಆದಾಯ ಅನೇಕ ವೇಳೆ ಆಳಿನ ಕೂಲಿಗಿಂತ ಹೆಚ್ಚಿನದಾಗಿರಲಿಲ್ಲ. ಗುಸ್ಟಾವ್ ಷ್ಮೊಲ್ಲರ್ ೧೮೭೦ರಲ್ಲಿ ಪ್ರಕಟಿಸಿದ, ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಣ್ಣ ಉದ್ಯಮಗಳ ಇತಿಹಾಸವನ್ನು ಕುರಿತ ಗ್ರಂಥ ಈ ಸಂಗತಿಗಳನ್ನು ಅಂಕಿ ಅಂಶಗಳ ಮೂಲಕ ಪರಿಶೀಲಿಸಿದ ಆದ್ಯ ಕೃತಿಗಳಲ್ಲಿ ಒಂದು.

ಆದರೆ ಇಲ್ಲಿ ಎಚ್ಚರಿಕೆ ಅವಶ್ಯಕ. ಪ್ರಷ್ಯದ ಜನಸಂಖ್ಯೆ ೧೮೧೬ರಲ್ಲಿ ಒಂದು ಕೋಟಿಗೆ ಸ್ವಲ್ಪ ಮೇಲಿದ್ದುದು ೧೮೪೬ರ ಹೊತ್ತಿಗೆ ಒಂದು ಕೋಟಿ ಅರವತ್ತು ಲಕ್ಷದಷ್ಟಾಯಿತು. ರೈತರ ಬಿಡುಗಡೆಯಿಂದ ಊರು ಬಿಟ್ಟವರು ನಗರಗಳಿಗೆ ಬಂದರು. ಯಂತ್ರದ ಸರಕು ಕೈಕಸುಬನ್ನು ಹಿಂದಕ್ಕೆ ತಳ್ಳುತ್ತಿತ್ತು. ವ್ಯೂರ್ಟೆಂಬರ್ಗಿನಲ್ಲಿ ಪೂರ್ಣ ವೃತ್ತಿಸ್ವಾತಂತ್ರ್ಯ ಬಂದುದು ೧೮೬೨ರಲ್ಲಿ. ಅಲ್ಲಿಯೂ ಅದಕ್ಕೆ ಮೊದಲೇ ಬಡ ಒಂಟಿ ಮೇಸ್ತ್ರಿಗಳು ತುಂಬಿದ್ದರು. ಆದುದರಿಂದ ಎಲ್ಲ ಸಣ್ಣತನಕ್ಕೂ ತೆರೆದ ಬಾಗಿಲೇ ಕಾರಣವೆನ್ನುವಂತಿಲ್ಲ. ಬಾಗಿಲು ತೆರೆದುದು ಆ ಪ್ರವಾಹಕ್ಕೆ ದಾರಿಕೊಟ್ಟಿತೆಂದು ಹೇಳಬಹುದು.

ಸಮಕಾಲೀನರಿಗೆ ಇದು ತಾತ್ತ್ವಿಕ ಪ್ರಶ್ನೆಯಾಗಿರದೆ ಅನ್ನದ ಪ್ರಶ್ನೆಯಾಗಿತ್ತು. ೧೮೪೮ರ ಬೇಸಗೆಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿದ ಮೇಸ್ತ್ರಿಗಳ ಸಮ್ಮೇಳನ ವೃತ್ತಿಸ್ವಾತಂತ್ರ್ಯವನ್ನು ಖಂಡಿಸಿ ಶ್ರೇಣಿವ್ಯವಸ್ಥೆಯನ್ನು ಮರಳಿ ತರಬೇಕೆಂದು ಕೋರಿತು. ಆ ಸಮ್ಮೇಳನದಲ್ಲಿ ಸಮಾನ ಸ್ಥಾನ ದೊರೆಯದ ನುರಿತ ಆಳುಗಳು ಬೇರೆಯಾಗಿ ತಮ್ಮದೇ ಸಮ್ಮೇಳನವನ್ನು ನಡೆಸಿದರು. ಒಂದೇ ಕಾರ್ಯಾಗಾರದ ಎರಡು ವರ್ಗಗಳಿಗೆ ಒಂದೇ ಬಾಗಿಲು ಎರಡು ಬಗೆಯಾಗಿ ಕಂಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ೧೮೪೯ರ ಫೆಬ್ರವರಿಯಲ್ಲಿ ಪ್ರಷ್ಯದ ಸರ್ಕಾರ ಮೇಸ್ತ್ರಿಗಳ ಕೋರಿಕೆಗೆ ಒಂದಷ್ಟು ಮಣಿದು ಹಲವು ಕಸುಬುಗಳಿಗೆ ಪರೀಕ್ಷೆಯನ್ನು ವಿಧಿಸಿತು.

೪. ತೆರೆದುದು ಮರಳಿ ಮುಚ್ಚಿದುದು: ೧೮೬೯ರಿಂದ ೧೯೬೧ರವರೆಗೆ

೧೮೬೯ರ ಜೂನ್ ೨೧ರಂದು ಉತ್ತರ ಜರ್ಮನ್ ಒಕ್ಕೂಟದ ವೃತ್ತಿಸಂಹಿತೆ ಅಂಗೀಕೃತವಾಯಿತು. ಸಾಮ್ರಾಜ್ಯ ಸ್ಥಾಪನೆಯಾದ ಮೇಲೆ ಅದು ದಕ್ಷಿಣಕ್ಕೂ ವಿಸ್ತರಿಸಿತು. ಇದರ ಹನ್ನೊಂದನೆಯ ವಿಧಿಯ ಪ್ರಕಾರ ಸ್ವತಂತ್ರವಾಗಿ ಕಸುಬು ನಡೆಸುವ ಹಕ್ಕಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ವಿಧವೆಯ ಪರಾಧೀನ ಹಕ್ಕು ಮಾತ್ರವಿದ್ದ ಕಡೆಯಲ್ಲಿ ಹೆಂಗಸಿಗೆ ತನ್ನದೇ ಹಕ್ಕು ಬಂದಿತು. ಕಾನೂನಿನ ಹಕ್ಕು ಬಂದ ಕೂಡಲೆ ಬಂಡವಾಳವಾಗಲಿ ಕಲಿಯುವ ಅವಕಾಶವಾಗಲಿ ತಾನಾಗಿ ಬರಲಿಲ್ಲವಾದರೂ, ದ್ವಾರದಲ್ಲಿಯೇ ತಡೆಯುವ ನಿಯಮ ಹೋಯಿತು.

ಕಸುಬುದಾರರ ಸಂಘಗಳು ಸುಮ್ಮನಿರಲಿಲ್ಲ. ೧೮೯೭ರ ಕಾನೂನಿನಿಂದ ಕಸುಬುಗಳ ಮಂಡಲಿಗಳು ಸ್ಥಾಪಿತವಾದುವು. ೧೯೦೮ರ ತಿದ್ದುಪಡಿ ವಿಶೇಷವಾಗಿ ಗಮನಾರ್ಹವಾದುದು. ಕಾರ್ಯಾಗಾರವನ್ನು ಯಾರು ಬೇಕಾದರೂ ತೆರೆಯಬಹುದು. ಆದರೆ ಶಿಷ್ಯರನ್ನು ತರಬೇತುಗೊಳಿಸುವ ಹಕ್ಕು ಮೇಸ್ತ್ರಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾತ್ರ ಎಂದು ಅದು ವಿಧಿಸಿತು. ನಡೆಸುವ ಹಕ್ಕು ಬೇರೆ, ಕಲಿಸುವ ಹಕ್ಕು ಬೇರೆ ಎಂಬ ಈ ವಿವೇಕ ಮುಂದೆ ಬಹಳ ಕಾಲ ಮರೆತುಹೋಯಿತು.

ನಾಟ್ಸಿ ಆಳ್ವಿಕೆಯಲ್ಲಿ, ೧೯೩೫ರ ಜನವರಿಯ ಆಜ್ಞೆಯಿಂದ, ಕಾರ್ಯಾಗಾರವನ್ನು ತೆರೆಯುವುದಕ್ಕೂ ಮೇಸ್ತ್ರಿ ಪರೀಕ್ಷೆ ಕಡ್ಡಾಯವಾಯಿತು. ಕಸುಬುದಾರರ ಸಂಘಗಳ ಬಹುಕಾಲದ ಬೇಡಿಕೆ ಹೀಗೆ ಸರ್ವಾಧಿಕಾರಿಯ ಕೈಯಿಂದ ಈಡೇರಿತು. ೧೯೩೮ರ ನವೆಂಬರ್ ೧೨ರ ಆಜ್ಞೆ ಮರುವರ್ಷದ ಮೊದಲ ದಿನದಿಂದ ಯೆಹೂದ್ಯರು ಸ್ವತಂತ್ರ ಕಸುಬುದಾರರಾಗಿರುವುದನ್ನು ನಿಷೇಧಿಸಿತು. ಪರೀಕ್ಷೆಯ ನಿಯಮವೂ ಜನಾಂಗದ್ವೇಷದ ನಿಯಮವೂ ಒಂದೇ ಅಲ್ಲ. ಆದರೆ ಬಾಗಿಲಿನ ಬೀಗದ ಕೈ ಯಾರ ಹತ್ತಿರವಿದೆಯೆಂಬ ಪ್ರಶ್ನೆ ಎಂದಿಗೂ ಅಲ್ಪವಾದುದಲ್ಲವೆಂಬ ಪಾಠ ಇದರಲ್ಲಿದೆ.

ಯುದ್ಧಾನಂತರ ಅಮೆರಿಕದ ಅಧೀನದಲ್ಲಿದ್ದ ಪ್ರದೇಶದಲ್ಲಿ ೧೯೪೯ರ ಜನವರಿಯಿಂದ ಪೂರ್ಣ ವೃತ್ತಿಸ್ವಾತಂತ್ರ್ಯ ಜಾರಿಗೆ ಬಂದಿತು. ಹೊಸ ಕಾರ್ಯಾಗಾರಗಳು ಬಹುಸಂಖ್ಯೆಯಲ್ಲಿ ಹುಟ್ಟಿಕೊಂಡುವು. ಪಶ್ಚಿಮ ಜರ್ಮನಿಯ ಸಂಸತ್ತು ೧೯೫೩ರ ಸೆಪ್ಟೆಂಬರಿನಲ್ಲಿ ಕಸುಬುಗಳ ಸಂಹಿತೆಯನ್ನು ಅಂಗೀಕರಿಸಿ ಮೇಸ್ತ್ರಿ ಪರೀಕ್ಷೆಯನ್ನು ದೇಶಕ್ಕೆಲ್ಲ ಕಡ್ಡಾಯಮಾಡಿತು. ವೃತ್ತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯಕ್ಕೆ ಇದು ವಿರುದ್ಧವಲ್ಲವೆ ಎಂಬ ಪ್ರಶ್ನೆ ಸಂವಿಧಾನ ನ್ಯಾಯಾಲಯದ ಮುಂದೆ ಬಂದಾಗ, ೧೯೬೧ರ ಜುಲೈ ೧೭ರ ತೀರ್ಪಿನಲ್ಲಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಕಸುಬಿನ ಮಟ್ಟವನ್ನು ಕಾಪಾಡುವುದೂ, ಕಸುಬುಗಳಿಗಷ್ಟೇ ಅಲ್ಲದೆ ಇಡೀ ಉದ್ಯಮರಂಗಕ್ಕೆ ಬೇಕಾದ ಯುವಕರನ್ನು ತರಬೇತುಗೊಳಿಸುವುದೂ ಸಾರ್ವಜನಿಕ ಹಿತವೆಂಬುದು ಅದರ ಮುಖ್ಯ ಆಧಾರ. ಬಾಗಿಲಿನ ಬಿಗಿಗೆ ಸಮರ್ಥನೆ ಒಳಗಿರುವ ಶಿಷ್ಯನಲ್ಲಿದೆಯೆಂದು ನ್ಯಾಯಾಲಯವೇ ಹೇಳಿದಂತಾಯಿತು.

೫. ೨೦೦೪ರ ಸುಧಾರಣೆ

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಎರಡು ಕಾರಣಗಳಿಂದ ಈ ಕಟ್ಟಡ ಅಲುಗಿತು. ನಿರುದ್ಯೋಗಿಗಳ ಸಂಖ್ಯೆ ೪೦ ಲಕ್ಷವನ್ನು ಮೀರಿತ್ತು. ಅಲ್ಲದೆ ಯೂರೋಪು ಒಕ್ಕೂಟದ ಇತರ ದೇಶಗಳ ಕಸುಬುದಾರರು ಅನುಭವದ ಬಲದಿಂದಲೇ ಜರ್ಮನಿಯಲ್ಲಿ ಕೆಲಸಮಾಡಬಹುದಾಗಿತ್ತು; ಜರ್ಮನ್ ಪ್ರಜೆಗೆ ಮಾತ್ರ ಪರೀಕ್ಷೆ ತಪ್ಪಲಿಲ್ಲ. ನೆಲಗಾರೆಯ ಕೆಲಸವನ್ನು ಡಚ್ ಸಂಸ್ಥೆಯೊಂದಕ್ಕೆ ವಹಿಸಿದ ಪ್ರಕರಣದಲ್ಲಿ ಯೂರೋಪಿನ ನ್ಯಾಯಾಲಯ ೨೦೦೦ದ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪು ಈ ವೈಷಮ್ಯವನ್ನು ಇನ್ನಷ್ಟು ಎತ್ತಿತೋರಿಸಿತು.

ಷ್ರೋಡರ್ ಸರ್ಕಾರದ ಸುಧಾರಣೆ ೨೦೦೪ರ ಜನವರಿ ೧ರಿಂದ ಜಾರಿಗೆ ಬಂದಿತು. ೯೪ ಕಸುಬುಗಳಲ್ಲಿ ೫೩ಕ್ಕೆ ಮೇಸ್ತ್ರಿ ಪರೀಕ್ಷೆಯ ಕಡ್ಡಾಯ ತೆಗೆಯಲ್ಪಟ್ಟಿತು, ೪೧ಕ್ಕೆ ಉಳಿಯಿತು. ಮುಕ್ತವಾದವುಗಳಲ್ಲಿ ನೆಲಹಾಸಿನ ಹಂಚು ಕೂರಿಸುವುದು, ಹೊಲಿಗೆ, ಗಡಿಯಾರ ತಯಾರಿಕೆ, ಅಕ್ಕಸಾಲೆ ಕೆಲಸ, ಛಾಯಾಚಿತ್ರಣ, ಕಟ್ಟಡಗಳ ಶುಚೀಕರಣ ಮೊದಲಾದುವಿದ್ದುವು. ಗಾರೆಕೆಲಸ, ಬಡಗಿ, ವಿದ್ಯುತ್ ಕೆಲಸ, ರೊಟ್ಟಿ ತಯಾರಿಕೆ, ಕ್ಷೌರ ಮೊದಲಾದುವು ಹಿಂದಿನಂತೆಯೇ ಉಳಿದುವು. ಆದರೆ ಉಳಿದವುಗಳಲ್ಲಿ ಬಹುಪಾಲು ಕಸುಬುಗಳಲ್ಲಿ, ಆರು ವರ್ಷ ದುಡಿದು ಅದರಲ್ಲಿ ನಾಲ್ಕು ವರ್ಷ ಹೊಣೆಗಾರಿಕೆಯ ಸ್ಥಾನದಲ್ಲಿದ್ದ ನುರಿತ ಆಳಿಗೂ ಸ್ವತಂತ್ರವಾಗುವ ಅವಕಾಶ ದೊರೆಯಿತು.

ಪರಿಣಾಮವನ್ನು ಹಂಚು ಕೂರಿಸುವ ಕಸುಬಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಸುಧಾರಣೆಗೆ ಮುಂಚೆ ಸುಮಾರು ೧೨ ಸಾವಿರವಿದ್ದ ಸಂಸ್ಥೆಗಳ ಸಂಖ್ಯೆ ೨೦೧೦ರ ದಶಕದಲ್ಲಿ ೬೦ ಸಾವಿರವನ್ನು ಮೀರಿತು. ದೇಶದಲ್ಲಿ ಹಾಸಬೇಕಾದ ನೆಲ ಐದು ಪಾಲು ಹೆಚ್ಚಿರಲಿಲ್ಲವೆಂಬುದನ್ನು ಯಾರಾದರೂ ಊಹಿಸಬಹುದು. ಹೆಚ್ಚಿದುದು ಒಬ್ಬನೇ ದುಡಿಯುವ ಸಂಸ್ಥೆಗಳು. ಹಿಂದೆ ಐದಾರು ಮಂದಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಮಾಡುತ್ತಿದ್ದ ಕೆಲಸವನ್ನು ಈಗ ಐದಾರು ‘ಸಂಸ್ಥೆ’ಗಳು ಮಾಡುವುದು ಸಾಧ್ಯವಾಯಿತು. ಎರಡು ಶತಮಾನಗಳ ಹಿಂದಿನ ಒಂಟಿ ಮೇಸ್ತ್ರಿ ಹೊಸ ಉಡುಪಿನಲ್ಲಿ ಮರಳಿ ಬಂದಿದ್ದನು.

ಡಾವುದ್ ರೊಸ್ತಮ್ ಅಫ್ಷರ್ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಕ್ತವಾದ ಕಸುಬುಗಳಲ್ಲಿ ಸ್ವತಂತ್ರ ವೃತ್ತಿಗೆ ಇಳಿಯುವವರ ಪ್ರಮಾಣ ಗಣನೀಯವಾಗಿ ಏರಿತೆಂದೂ, ವಿಧ್ಯುಕ್ತ ತರಬೇತಿಯಿಲ್ಲದವರಲ್ಲಿ ಈ ಏರಿಕೆ ವಿಶೇಷವಾಗಿತ್ತೆಂದೂ ತೋರಿಸಿದರು. ಪೆಟ್ರಿಕ್ ರುನ್‌ಸ್ಟ್ ೨೦೧೮ರ ಲೇಖನದಲ್ಲಿ, ಈ ಕಸುಬುಗಳಲ್ಲಿ ವಿದೇಶಗಳಿಂದ ಬಂದು ನೆಲಸಿದವರ ಪಾಲು ಹೆಚ್ಚಿತೆಂಬುದನ್ನು ಪರಿಶೀಲಿಸಿದರು. ಜರ್ಮನ್ ಭಾಷೆಯಲ್ಲಿ, ಜರ್ಮನ್ ಪದ್ಧತಿಯ ಪರೀಕ್ಷೆಗೆ ಕುಳಿತುಕೊಳ್ಳುವುದು ಹೊರಗಿನಿಂದ ಬಂದವನಿಗೆ ಎಷ್ಟು ಕಷ್ಟವೆಂಬುದನ್ನು ಯೋಚಿಸಿದರೆ ಇದು ಸಹಜವೇ. ಅನೇಕರಿಗೆ ಇದರಿಂದ ಅನ್ನದ ಮಾರ್ಗ ತೆರೆಯಿತೆಂಬುದನ್ನು ಬಾಗಿಲಿನ ಬಿಗಿಯನ್ನು ಬಯಸುವವರೂ ಒಪ್ಪಬೇಕಾಗುತ್ತದೆ.

೬. ಹೋಲಿಕೆಯ ತೊಡಕುಗಳು

ಇಷ್ಟರಿಂದಲೇ ತೀರ್ಮಾನಕ್ಕೆ ಧಾವಿಸುವುದು ಸರಿಯಲ್ಲ. ಮೂರು ತೊಡಕುಗಳನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಮೊದಲನೆಯದು, ಬೇರೆ ಬೇರೆ ಕಾರಣಗಳು ಒಂದೇ ಕಾಲದಲ್ಲಿ ಕೂಡಿಬಂದುದು. ೨೦೦೩ರಿಂದ ೨೦೦೬ರವರೆಗೆ, ಸ್ವಂತ ಉದ್ಯೋಗ ಆರಂಭಿಸುವ ನಿರುದ್ಯೋಗಿಗಳಿಗೆ ಸರ್ಕಾರದ ಸಹಾಯಧನವಿತ್ತು. ೨೦೦೪ರ ಮೇ ೧ರಂದು ಪೋಲೆಂಡ್ ಮೊದಲಾದ ದೇಶಗಳು ಒಕ್ಕೂಟವನ್ನು ಸೇರಿದುವು. ಆ ದೇಶಗಳವರು ಕೂಲಿಗಾರರಾಗಿ ಬರಲು ಕೆಲವು ವರ್ಷಗಳ ತಡೆಯಿತ್ತು. ಸ್ವತಂತ್ರ ಕಸುಬುದಾರರಾಗಿ ಬರಲು ತಡೆಯಿರಲಿಲ್ಲ. ಆದುದರಿಂದ ಆಳಾಗಿ ಸೇರಲಾರದವನು ಒಡೆಯನೆಂದು ನೋಂದಾಯಿಸಿಕೊಂಡನು. ಹೆಸರು ಒಡೆತನದ್ದು, ದುಡಿಮೆ ಆಳಿನದು ಎಂಬ ಸ್ಥಿತಿಗೆ ಇದೂ ಒಂದು ಮೂಲ.

ಎರಡನೆಯದು, ಕಸುಬುಗಳ ವಿಂಗಡಣೆಯಲ್ಲಿಯೇ ಇರುವ ಪಕ್ಷಪಾತ. ಯಾವ ಕಸುಬು ಬಿಗಿಯಾಗಿಯೇ ಉಳಿಯಬೇಕೆಂಬುದನ್ನು ನಿರ್ಧರಿಸುವಾಗ ಇತರರ ಪ್ರಾಣ ಆರೋಗ್ಯಗಳಿಗಿರುವ ಅಪಾಯದೊಡನೆ, ಆ ಕಸುಬು ಎಷ್ಟು ಶಿಷ್ಯರನ್ನು ತರಬೇತುಗೊಳಿಸುತ್ತಿದೆಯೆಂಬುದನ್ನೂ ಅಳತೆಗೋಲಾಗಿ ಇಟ್ಟುಕೊಂಡರು. ಹೆಚ್ಚು ಶಿಷ್ಯರಿದ್ದ ಕಸುಬುಗಳನ್ನು ಬೇಲಿಯೊಳಗಿರಿಸಿ, ಆಮೇಲೆ ಬೇಲಿಯೊಳಗೆ ಹೆಚ್ಚು ಶಿಷ್ಯರಿದ್ದಾರೆಂದು ಬೇಲಿಯನ್ನು ಹೊಗಳಿದರೆ ಅದು ತರ್ಕವಾಗುವುದಿಲ್ಲ.

ಮೂರನೆಯದು, ಆ ವರ್ಷಗಳಲ್ಲಿ ಜನನಪ್ರಮಾಣದ ಇಳಿತದಿಂದಲೂ ಉನ್ನತ ಶಿಕ್ಷಣದ ಆಕರ್ಷಣೆಯಿಂದಲೂ ಶಿಷ್ಯರ ಸಂಖ್ಯೆ ಕಸುಬುಗಳಲ್ಲಿ ಸಾಮಾನ್ಯವಾಗಿಯೇ ಇಳಿಯುತ್ತಿತ್ತು.

ಈ ಮೂರನ್ನೂ ಕಳೆದ ಮೇಲೆಯೂ ಒಂದು ಸಂಗತಿ ಉಳಿಯುತ್ತದೆ. ಮುಕ್ತವಾದ ಕಸುಬುಗಳಲ್ಲಿ ಮೇಸ್ತ್ರಿ ಪರೀಕ್ಷೆಗೆ ಕುಳಿತುಕೊಳ್ಳುವವರು ತೀರ ಕಡಮೆಯಾದರು. ಕಡ್ಡಾಯವಲ್ಲದ ಪರೀಕ್ಷೆಗೆ ಹಣವನ್ನೂ ಕಾಲವನ್ನೂ ಯಾರು ವ್ಯಯಮ

ಾಡಿಯಾರು? ಒಬ್ಬನೇ ದುಡಿಯುವ ಸಂಸ್ಥೆಯಲ್ಲಿ ಶಿಷ್ಯನಿಗೆ ಕೂರಲು ಜಾಗವಿಲ್ಲ, ಕಲಿಸಲು ಬಿಡುವಿಲ್ಲ. ಕಟ್ಟಡದ ಕೆಲಸಗಳಲ್ಲಿ ೧೯೭೦ರ ದಶಕದಿಂದ ಒಂದು ಸಾಮಾನ್ಯ ನಿಧಿಯುಂಟು. ಸಂಸ್ಥೆಗಳು ಅದಕ್ಕೆ ವಂತಿಗೆ ಕೊಡುತ್ತವೆ, ಶಿಷ್ಯರನ್ನಿಟ್ಟುಕೊಂಡ ಸಂಸ್ಥೆಗೆ ಖರ್ಚಿನ ಒಂದು ಭಾಗ ಅದರಿಂದ ಮರಳುತ್ತದೆ. ಆದರೆ ಆ ವಂತಿಗೆಯ ಮೂಲ ಲೆಕ್ಕ ಕೊಡುವ ಸಂಬಳದ ಮೊತ್ತದ ಮೇಲೆ. ಸಂಬಳ ಕೊಡುವ ಆಳೇ ಇಲ್ಲದ ಸಂಸ್ಥೆಯ ಮೇಲೆ ಅಂಥ ಲೆಕ್ಕವನ್ನು ಹಾಕುವುದೆಂತು? ಸಂಸ್ಥೆಯ ಜನರಚನೆ ಬದಲಾದಾಗ ಅದನ್ನು ನಂಬಿದ್ದ ಏರ್ಪಾಡುಗಳೂ ಸಡಿಲವಾಗುತ್ತವೆಂಬುದಕ್ಕೆ ಇದು ದೃಷ್ಟಾಂತ.

ಇವೇ ಕಾರಣಗಳನ್ನು ಮುಂದಿಟ್ಟು ಸಂಸತ್ತು ೨೦೨೦ರ ಫೆಬ್ರವರಿಯಿಂದ ಹಂಚು ಕೂರಿಸುವುದು, ಮರದ ನೆಲ ಹಾಸುವುದು, ಪೀಪಾಯಿ ತಯಾರಿಕೆ, ಆರ್ಗನ್ ವಾದ್ಯದ ನಿರ್ಮಾಣ ಸೇರಿದಂತೆ ೧೨ ಕಸುಬುಗಳಿಗೆ ಮೇಸ್ತ್ರಿ ಪರೀಕ್ಷೆಯನ್ನು ಮರಳಿ ಕಡ್ಡಾಯಮಾಡಿತು. ಆಗಾಗಲೇ ನಡೆಯುತ್ತಿದ್ದ ಸಂಸ್ಥೆಗಳ ಹಕ್ಕಿಗೆ ಬಾಧೆಯಾಗಲಿಲ್ಲ. ಒಳಗೆ ಬಂದವರು ಒಳಗೇ ಉಳಿದರು. ಮುಂದೆ ಬರುವವರಿಗೆ ಮಾತ್ರ ಬಾಗಿಲು ಕಿರಿದಾಯಿತು. ಶ್ರೇಣಿಗಳ ಕಾಲದಿಂದ ಈ ಒಂದು ಲಕ್ಷಣ ಹೆಚ್ಚಾಗಿ ಬದಲಾಗಿಲ್ಲ.

೭. ಅನ್ಯದೇಶಗಳ ಎರಡು ಸಾಕ್ಷ್ಯಗಳು

ಇದು ಜರ್ಮನಿಯೊಂದರ ವೈಶಿಷ್ಟ್ಯವೋ ಸಾಮಾನ್ಯ ನಿಯಮವೋ ಎಂದು ಓದುಗರು ಕೇಳಬಹುದು. ಕೌಶಲಪರೀಕ್ಷೆಯ ಪ್ರಶ್ನೆಯೇ ಇಲ್ಲದ ಎರಡು ಸಂದರ್ಭಗಳನ್ನು ಸಂಕ್ಷೇಪವಾಗಿ ನೋಡೋಣ.

ಪೋರ್ಚುಗಲ್ ದೇಶ ೨೦೦೫ರಲ್ಲಿ ಕಂಪನಿ ಸ್ಥಾಪನೆಯ ವಿಧಿಗಳನ್ನು ಸರಳಗೊಳಿಸಿತು. ಹಿಂದೆ ಹಲವು ಕಚೇರಿಗಳನ್ನು ವಾರಗಟ್ಟಲೆ ಸುತ್ತಬೇಕಾಗಿದ್ದ ಕೆಲಸ ಒಂದೇ ಸ್ಥಳದಲ್ಲಿ, ಸುಮಾರು ಒಂದು ಗಂಟೆಯಲ್ಲಿ ಮುಗಿಯುವಂತಾಯಿತು. ಬ್ರಾನ್‌ಸ್ಟೆಟರ್ ಮತ್ತು ಅವರ ಸಹೋದ್ಯೋಗಿಗಳು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಂಸ್ಥೆಗಳೂ ಉದ್ಯೋಗಗಳೂ ಹೆಚ್ಚಿದುವು. ಆದರೆ ಹೊಸದಾಗಿ ಸೇರಿದುವು ಬಹುಮಟ್ಟಿಗೆ ಸಣ್ಣವು, ಹೆಚ್ಚು ಓದಿಲ್ಲದವರು ನಡೆಸುವಂಥವು, ಮೊದಲ ವರ್ಷಗಳಲ್ಲಿಯೇ ಮುಚ್ಚಿಹೋಗುವ ಸಂಭವ ಹೆಚ್ಚಾಗಿರುವಂಥವು. ಬಾಗಿಲು ಅಗಲವಾದಾಗ ಮೊದಲು ಒಳಬರುವವನು ಹಿಂದೆ ಹೊಸ್ತಿಲಿನಾಚೆ ನಿಂತಿದ್ದ ಸಣ್ಣ ಮನುಷ್ಯನೆಂಬುದು ಇಲ್ಲಿಯೂ ನಿಜ.

ಎರಡನೆಯದು ಅಮೆರಿಕದ ಬ್ಯಾಂಕುಗಳ ಸಂಗತಿ. ಒಂದು ರಾಜ್ಯದ ಬ್ಯಾಂಕು ಹೊಸ ಶಾಖೆಗಳನ್ನು ತೆರೆಯುವುದಕ್ಕೂ ಬೇರೆ ರಾಜ್ಯವನ್ನು ಪ್ರವೇಶಿಸುವುದಕ್ಕೂ ಅಲ್ಲಿ ಬಹುಕಾಲ ನಿರ್ಬಂಧಗಳಿದ್ದುವು. ೧೯೭೦ರ ದಶಕದ ಮಧ್ಯದಿಂದ ೧೯೯೪ರವರೆಗೆ ರಾಜ್ಯಗಳು ಒಂದೊಂದಾಗಿ ಅವುಗಳನ್ನು ಸಡಿಲಿಸಿದುವು. ಸಾಂಡ್ರ ಬ್ಲ್ಯಾಕ್ ಮತ್ತು ಫಿಲಿಪ್ ಸ್ಟ್ರಾಹನ್ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಡಿಲಿಕೆಯ ಬಳಿಕ ಬ್ಯಾಂಕುಗಳ ಗಂಡಸರ ಸಂಬಳ ನೂರಕ್ಕೆ ಸುಮಾರು ೧೨ರಷ್ಟೂ ಹೆಂಗಸರದು ಸುಮಾರು ೩ರಷ್ಟೂ ಇಳಿಯಿತೆಂದು ಕಂಡುಕೊಂಡರು. ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಹೆಂಗಸರ ಪಾಲು ಏರಿತು. ಸ್ಪರ್ಧೆಯಿಲ್ಲದ ಕಾಲದ ಹೆಚ್ಚುವರಿ ಲಾಭ ಮಾಲಿಕನೊಬ್ಬನಿಗೇ ಹೋಗದೆ ಒಳಗಿದ್ದ ಗಂಡಸರಿಗೂ ಹಂಚಿಕೆಯಾಗುತ್ತಿತ್ತೆಂದು ಇದರಿಂದ ಅನುಮಾನಿಸಬಹುದು. ಲಾಭ ಸಮೃದ್ಧವಾಗಿದ್ದಾಗ ಪಕ್ಷಪಾತಕ್ಕೆ ತಗಲುವ ವೆಚ್ಚವನ್ನು ಸಂಸ್ಥೆ ಭರಿಸಬಲ್ಲದು. ಸ್ಪರ್ಧೆ ಬಂದಾಗ ಅದು ಭಾರವಾಗುತ್ತದೆ.

೮. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ತಿಳಿದುಬರುತ್ತವೆ. ಪ್ರವೇಶದ ನಿಯಮ ಸಡಿಲವಾದಾಗ ಆಳು ಮತ್ತು ಒಡೆಯರ ನಡುವಣ ಗೋಡೆ ತೆಳ್ಳಗಾಗುತ್ತದೆ. ಒಡೆಯರು ಹೆಚ್ಚುತ್ತಾರೆ, ಸಣ್ಣ ಸಂಸ್ಥೆಗಳು ಬೆಳೆಯುತ್ತವೆ, ಹೆಸರಿನ ಒಡೆತನದ ಹಿಂದೆ ಕೆಲವು ವೇಳೆ ಆಳಿನ ಬಾಳೇ ಮುಂದುವರಿಯುತ್ತದೆ. ಎರಡನೆಯದಾಗಿ, ಹುಟ್ಟು, ಲಿಂಗ, ದೇಶ, ಭಾಷೆಗಳ ಕಾರಣದಿಂದ ಹೊರಗುಳಿದಿದ್ದವರಿಗೆ ಸ್ಥಳ ದೊರೆಯುತ್ತದೆ. ಮೂರನೆಯದಾಗಿ, ಕಲಿಸುವಿಕೆಯ ಖರ್ಚನ್ನು ಬಾಗಿಲಿನ ಬಿಗಿಯೇ ಹೊತ್ತಿದ್ದ ಕಡೆಗಳಲ್ಲಿ, ಬಿಗಿ ಹೋದಾಗ ಶಿಷ್ಯನು ಅನಾಥನಾಗುತ್ತಾನೆ.

ಮೊದಲನೆಯ ಮತ್ತು ಮೂರನೆಯ ಅಂಶಗಳನ್ನು ಮಾತ್ರ ನೋಡಿದವನು ಬಾಗಿಲನ್ನು ಮುಚ್ಚೆನ್ನುತ್ತಾನೆ. ಎರಡನೆಯದನ್ನು ಮಾತ್ರ ನೋಡಿದವನು ತೆರೆಯೆನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಮುಚ್ಚಿದ ಬಾಗಿಲು ಶಿಷ್ಯನಿಗೆ ಕೊಟ್ಟ ವಿದ್ಯೆಯ ಬೆಲೆಯನ್ನು ತೆತ್ತವರು ಹೊರಗೆ ನಿಂತಿದ್ದವರು ಎಂಬುದನ್ನು ಇತಿಹಾಸ ಮರೆಯಲಾಗದು. ೧೯೦೮ರ ಕಾನೂನು ಕಾರ್ಯಾಗಾರ ನಡೆಸುವ ಹಕ್ಕನ್ನೂ ಕಲಿಸುವ ಹಕ್ಕನ್ನೂ ಬೇರ್ಪಡಿಸಿ ತೋರಿಸಿದ ದಾರಿ ಈ ಇಕ್ಕಟ್ಟಿನಲ್ಲಿ ಪುನರ್ವಿಚಾರಕ್ಕೆ ಅರ್ಹವಾದುದು. ಕಲಿಸುವ ಹೊಣೆಗೆ ಪ್ರತ್ಯೇಕವಾದ ನಿಯಮ, ಪ್ರತ್ಯೇಕವಾದ ನಿಧಿ, ಒಂಟಿಯಾಗಿ ದುಡಿಯುವವನಿಂದಲೂ ಅವನ ಶಕ್ತಿಗೆ ತಕ್ಕ ವಂತಿಗೆ ಇವು ಏರ್ಪಟ್ಟರೆ, ಶಿಷ್ಯನನ್ನು ಕಾಪಾಡಲೋಸುಗ ಇನ್ನೊಬ್ಬನನ್ನು ಬಾಗಿಲಾಚೆ ನಿಲ್ಲಿಸಬೇಕಾದ ಅಗತ್ಯ ಬಹುಮಟ್ಟಿಗೆ ಇಲ್ಲವಾದೀತು. ಯಾವ ದೇಶದಲ್ಲಿಯೇ ಆಗಲಿ ಇಂಥ ನಿಯಮವೊಂದು ಚರ್ಚೆಗೆ ಬಂದಾಗ, ಬೆಲೆ ಇಳಿಯುವುದೆ, ಗುಣ ಕೆಡುವುದೆ ಎಂಬ ಪ್ರಶ್ನೆಗಳೊಡನೆ, ನಾಳೆ ಈ ಕಸುಬನ್ನು ಯಾರು ಯಾರಿಗೆ ಕಲಿಸುವರು ಎಂಬ ಪ್ರಶ್ನೆಯನ್ನೂ ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು.